ಪ್ಯೂರ್ ವೆಜ್ ಥ್ರಿಲ್ಲರ್

ರಕ್ತ ಇಲ್ಲ, ಬೈಗುಳ ಇಲ್ಲ, ಮಲಗುವ ಕೋಣೆಯ ಬಾಗಿಲನ್ನು ಕಥೆ ಬರೆದವರೇ ಹೊರಗಿನಿಂದ ಹಾಕಿಬಿಡುತ್ತಾರೆ. ಆದರೂ ಕೇಳುವವರ ಕೈಕಾಲು ತಣ್ಣಗಾಗಬೇಕು. ಕ್ಲೀನ್ ಸೈಕಲಾಜಿಕಲ್ ಥ್ರಿಲ್ಲರ್ ಅಂದರೆ ಇಷ್ಟೇ. ಹೋಟೆಲ್ ಬೋರ್ಡಿನ ಭಾಷೆಯಲ್ಲಿ ಹೇಳುವುದಾದರೆ ಪ್ಯೂರ್ ವೆಜ್. ಖಾರಕ್ಕೇನೂ ಕಡಿಮೆ ಇರುವುದಿಲ್ಲ.

ಅಂಥದ್ದೇ ಆಡಿಯೋ ಬುಕ್ ಬೇಕು ಅಂತ ನಾನು ಹುಡುಕಿದ್ದಕ್ಕೆ ಕಾರಣ ನಮ್ಮತ್ತೆ. ಇಯರ್‌ಫೋನ್ ಹಾಕಿಕೊಂಡವರನ್ನು ಕಂಡರೆ ಅವರಿಗೆ ಆಗುವುದಿಲ್ಲ. "ಕರೆದ್ರೆ ಓ ಅನ್ನಲ್ಲ, ಮನೇಲಿದ್ರೂ ಇಲ್ಲದಂಗೆ" ಎನ್ನುತ್ತಾರೆ. ಹಾಗಾಗಿ ಅಡುಗೆಮನೆಯ ಕಪಾಟಿನ ಮೇಲೆ ಸ್ಪೀಕರ್ ಬಂತು. ಸ್ಪೀಕರ್ ಅಂದಮೇಲೆ ಅತ್ತೆ ಕೇಳುತ್ತಾರೆ, ಟ್ಯೂಷನ್ ಮುಗಿಸಿ ಬಂದ ಮಗ ಕೇಳುತ್ತಾನೆ, ಕಿಟಕಿ ತೆಗೆದಿದ್ದರೆ ಪಕ್ಕದ ಮನೆಯವರೂ ಕೇಳುತ್ತಾರೆ. ಕ್ಲೀನ್ ಆಗಿರಲೇಬೇಕಲ್ವಾ?

ಕಥೆ ಹೀಗೆ. ಅಪ್ಪ ಅಮ್ಮ ತೀರಿಹೋದ ಮೇಲೆ ಹುಡುಗಿಯೊಬ್ಬಳು ಮಲೆನಾಡಿನ ಹಳೇ ಮನೆಗೆ ಒಬ್ಬಳೇ ಬರುತ್ತಾಳೆ. ಅಲ್ಲಿ ಇಟ್ಟ ಸಾಮಾನು ಇಟ್ಟಲ್ಲಿ ಇರುವುದಿಲ್ಲ. ಕನ್ನಡಕ ಬಚ್ಚಲಲ್ಲಿ ಸಿಗುತ್ತದೆ. ಅಮ್ಮನ ಉಂಗುರ ಬೀರುವಿನಿಂದ ಮಾಯವಾಗುತ್ತದೆ. ತನಗೇ ಮರೆವಾ, ಇಲ್ಲ ಯಾರೋ ಬೇಕಂತಲೇ ಮಾಡುತ್ತಿದ್ದಾರಾ? ಕಥೆ ಹೇಳುವವಳೂ ಅವಳೇ, ಅವಳ ಮಾತನ್ನೇ ಪೂರ್ತಿ ನಂಬುವ ಹಾಗಿಲ್ಲ. ಈ ಜಾತಿಯ ಕಥೆಗಳ ಮಜಾ ಇರುವುದೇ ಅಲ್ಲಿ. ಜೊತೆಗೆ ಪಂಪ್‌ಸೆಟ್ ರಿಪೇರಿಗೆ ಬರುವ ಪಕ್ಕದ ತೋಟದ ಹುಡುಗ. ಅವನ ಮೇಲೆ ಅವಳಿಗೆ ಮೆಲ್ಲಗೆ ಮನಸ್ಸಾಗುತ್ತದೆ.

ಕಥೆ ಕೇಳುವುದು ನಮ್ಮತ್ತೆಗೆ ಹೊಸದಲ್ಲ. ಶ್ರಾವಣದಲ್ಲಿ ಮಠದ ಪುರಾಣ, ಭದ್ರಾವತಿ ಆಕಾಶವಾಣಿಯ ನಾಟಕ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ, ಇಷ್ಟರಲ್ಲಿ ಪಳಗಿದ ಕಿವಿ ಅದು. ದನಿ ಕೇಳಿಯೇ ಮನುಷ್ಯನ ಅಳತೆ ಹಾಕುತ್ತಾರೆ. ಪಂಪ್‌ಸೆಟ್ ಹುಡುಗ "ನೀರು ಬಂತಾ ನೋಡಿ" ಎಂದ ಕೂಡಲೇ ತೀರ್ಪು ಬಂತು: "ಒಳ್ಳೇ ಮನೆತನದ ಹುಡುಗ." ಓದುವವರು ಒಬ್ಬರೇ, ಎಲ್ಲ ದನಿಯೂ ಅವರದೇ ಎಂದು ಹೇಳಿ ನೋಡಿದೆ. "ಇರಲಿ ಬಿಡು, ಅವರೂ ಒಳ್ಳೇ ಮನೆತನದವರೇ" ಎಂದರು.

ನಾವು ಕೇಳುತ್ತಿದ್ದದ್ದು ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ. ಕಥೆ ಸುಮ್ನೆ ಸಾಗುವಾಗ ಅತ್ತೆಯ ಕೈ ತಟ್ ತಟ್ ಎಂದು ಒಂದೇ ಲಯದಲ್ಲಿ ಬೀಳುತ್ತದೆ. ಹುಡುಗಿ ಅಟ್ಟದ ಮೆಟ್ಟಿಲು ಹತ್ತಿದಳೋ, ಬಡಿತ ಜೋರಾಗುತ್ತದೆ. ರೊಟ್ಟಿ ಗಿರಗಿರ ತಿರುಗಿ ಅಂಚು ಸೀಳುತ್ತದೆ. ಓದುವವರು ತಡೆದು ನಿಲ್ಲಿಸಿದರೆ ಅತ್ತೆಯ ಕೈಯೂ ಮೇಲೆಯೇ ನಿಲ್ಲುತ್ತದೆ. ಹಂಚಿನ ಮೇಲಿನ ರೊಟ್ಟಿ ಮಾತ್ರ ಯಾರಿಗೂ ಕಾಯುವುದಿಲ್ಲ. ರಾತ್ರಿ ಊಟಕ್ಕೆ ಕೂತ ನಮ್ಮನೆಯವರು ರೊಟ್ಟಿ ತಿರುಗಿಸಿ ನೋಡಿ, "ಇವತ್ತು ಅಟ್ಟಕ್ಕೆ ಹೋಗಿದ್ದಳಾ?" ಎನ್ನುತ್ತಿದ್ದರು.

ಒಂದು ದಿನ ಗ್ಯಾಸ್ ಸಿಲಿಂಡರ್ ಬಂತು. ಹುಡುಗ ಬೆಲ್ ಒತ್ತುವುದಕ್ಕೂ ಸ್ಪೀಕರಿನಲ್ಲಿ ಹೆಣ್ಣು ದನಿ "ಬಾಗಿಲು ತೆಗೀಬೇಡ! ಅವನು ಹೇಳ್ತಿರೋದೆಲ್ಲ ಸುಳ್ಳು!" ಎಂದು ಕಿರುಚುವುದಕ್ಕೂ ಸರಿಹೋಯಿತು. ಹೊರಗೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಮೆತ್ತಗೆ, "ಸುಳ್ಳಲ್ಲಮ್ಮಾ. ಬುಕ್ ಮಾಡಿದ್ದೀರಿ. ಒಟಿಪಿ ಬಂದಿರುತ್ತೆ ನೋಡಿ" ಎಂಬ ಮಾತು ಕೇಳಿತು. ಬಾಗಿಲು ತೆಗೆದರೆ ಪಾಪ, ಸಿಲಿಂಡರನ್ನು ಮುಂದಿಟ್ಟುಕೊಂಡು ಅದರ ಹಿಂದೆ ನಿಂತಿದ್ದ.

ಕೊನೆಯ ಅಧ್ಯಾಯಗಳನ್ನು ರಾತ್ರಿ ಹಾಲ್‌ನಲ್ಲಿ ಹಚ್ಚಿಕೊಂಡೆವು. ಆಡಿಯೋ ಬುಕ್‌ಗಳು ಅಮೆರಿಕದಲ್ಲಿ 1930ರ ದಶಕದಲ್ಲಿ ಕಣ್ಣು ಕಾಣದವರಿಗಾಗಿ ಶುರುವಾದವು. ಆಗ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸುಮಾರು 15 ನಿಮಿಷದ ಓದು. ಮುಗಿದ ಕೂಡಲೇ ಎದ್ದು ತಿರುವಿ ಹಾಕಬೇಕು. ಎಂಥಾ ಒಳ್ಳೇ ಏರ್ಪಾಡು! ಕಾಲು ಗಂಟೆಗೊಮ್ಮೆ ಏಳುವವರಿಗೆ ನಿದ್ದೆ ಎಲ್ಲಿಂದ ಬರಬೇಕು? ಈಗಿನದು ಅದರ ಪಾಡಿಗೆ ಓಡುತ್ತಲೇ ಇರುತ್ತದೆ. ಓದುವವರ ದನಿಯೋ, ಜೋಗುಳಕ್ಕೆ ಹೇಳಿ ಮಾಡಿಸಿದ್ದು. ಹುಡುಗಿ ಕತ್ತಲಲ್ಲಿ ಟಾರ್ಚ್ ಹುಡುಕುತ್ತಿದ್ದಳು. ನಾನು ಕಣ್ಣು ಬಿಟ್ಟಾಗ ಕಥೆ ಮುಗಿದಿತ್ತು. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಯಾರತ್ತೆ ಮಾಡಿದ್ದು?"

"ಏನನ್ನ?"

"ಅದೇ, ಸಾಮಾನೆಲ್ಲ ಜಾಗ ಬದಲಾಯಿಸಿದ್ದು."

"ಅದೆಲ್ಲ ಏನೋ ಆಯ್ತು ಬಿಡವ್ವ. ಹುಡುಗ ಉಂಗುರ ತಂದುಕೊಟ್ಟ. ಅದೂ ಯಾವುದು? ಕಳೆದುಹೋಗಿತ್ತಲ್ಲ, ಅವರಮ್ಮಂದು. ಅದನ್ನೇ ತಂದಿದ್ದ! ಈಗಿನ ಕಾಲದಲ್ಲಿ ಇಂಥ ಹುಡುಗ ಎಲ್ಲಿ ಸಿಗ್ತಾನೆ?"

ಎಲ್ಲಿಂದ ತಂದ ಎಂದು ಕೇಳಿದೆ. "ಪ್ರೀತಿ ಇದ್ದೋನು ಎಲ್ಲಿಂದಾದ್ರೂ ತರ್ತಾನೆ" ಎಂದು ಎದ್ದು ಮಲಗಲು ಹೋದರು.

ಬೆಳಿಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುತ್ತಾ ಅದೇ ಭಾಗ ಮತ್ತೆ ಕೇಳಿದೆ. ಅತ್ತೆ ಅಲ್ಲಿರಲಿಲ್ಲವಾದ್ದರಿಂದ ಇಯರ್‌ಫೋನ್‌ಗೆ ಅಡ್ಡಿಯಿರಲಿಲ್ಲ. ಉಂಗುರ ಕದ್ದವನೇ ಅವನು. ಕನ್ನಡಕ ಬಚ್ಚಲಲ್ಲಿ ಇಟ್ಟವನೂ ಅವನೇ. ಹುಡುಗಿಗೆ ತಲೆ ಕೆಟ್ಟಿದೆ ಎಂದು ಊರಿಗೆಲ್ಲ ನಂಬಿಸಿ, ಮದುವೆಯಾಗಿ, ಆಸ್ತಿ ಬರೆಸಿಕೊಳ್ಳುವ ಲೆಕ್ಕ. ಕೊನೆಗೆ ಪೊಲೀಸರು ಬಂದು ಅವನನ್ನು ಜೀಪು ಹತ್ತಿಸುತ್ತಾರೆ.

ಮನೆಗೆ ಬಂದು ಹೇಳಿದೆ. ಅತ್ತೆ ಸೊಪ್ಪು ಸೋಸುತ್ತಾ ತಲೆಯೂ ಎತ್ತಲಿಲ್ಲ. "ಕೆರೆ ಗಾಳಿಗೆ ನಿನಗೆ ಸರಿಯಾಗಿ ಕೇಳಿಸಿಲ್ಲ."

"ಜೀಪು ಬಂತಲ್ಲತ್ತೆ?"

"ಮದುವೆ ಮನೆಗೆ ಜೀಪು ಬರಬಾರದಾ?"

ನಿಜ ಹೇಳುತ್ತೇನೆ, ಅವರು ಅಂದ ಧಾಟಿಗೆ ನನಗೇ ಅನುಮಾನ ಶುರುವಾಯಿತು. ಫೋನ್ ತೆಗೆದು ಜೀಪಿನ ಭಾಗ ಇನ್ನೊಮ್ಮೆ ಹಾಕಿದೆ. ಸೈರನ್ ಇತ್ತು. ಅಷ್ಟರಲ್ಲಿ ಹರಿಹರದ ಚಿಕ್ಕತ್ತೆಯ ಫೋನ್ ಬಂತು. ಅತ್ತೆ ಕಾಲು ನೀಡಿ ಕೂತು ಕಥೆಯನ್ನೆಲ್ಲ ತಮ್ಮ ಧಾಟಿಯಲ್ಲೇ ಒಪ್ಪಿಸಿದರು. ಆ ಕಡೆಯಿಂದ ಏನೋ ಪ್ರಶ್ನೆ ಬಂತು.

"ಅಡಿಕೆ ತೋಟ ಕಣೇ, ಎಂಟು ಎಕರೆ" ಎಂದರು ಅತ್ತೆ. "ನೀರಾವರಿನೇ."

ಎಕರೆ ಲೆಕ್ಕ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.