ಒತ್ತಡ ಮನೋದೌರ್ಬಲ್ಯವಲ್ಲ: ಒಂದು ಸ್ಪಷ್ಟನೆ

"ಒತ್ತಡವೆಂಬುದು ಮನಸ್ಸು ಗಟ್ಟಿಯಿಲ್ಲದವರ ಕಲ್ಪನೆ, ಮನೋವೈದ್ಯರ ಮಾತ್ರೆ ಒಮ್ಮೆ ಶುರುವಾದರೆ ಸಾಯುವವರೆಗೂ ಬಿಡಲಾಗದು" ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಮೊದಲ ಭಾಗ ಪೂರ್ತಿ ತಪ್ಪು. ಎರಡನೆಯದು ಅರೆಸತ್ಯ, ಆದ್ದರಿಂದ ಹೆಚ್ಚು ಅಪಾಯಕಾರಿ.

ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಅಂಗೈ ಬೆವರಿ, ಬಾಯಿ ಒಣಗಿ, ಎದೆ ಡವಗುಟ್ಟುವುದು ಕಲ್ಪನೆಯಲ್ಲ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಅಡ್ರಿನಲಿನ್ ಎಂಬ ಹಾರ್ಮೋನಿಗೂ ಅದರಲ್ಲಿ ಪಾತ್ರವಿದೆ. ಶೀತ, ಗಾಯ, ಅತಿ ಶ್ರಮದಂತಹ ಬೇರೆ ಬೇರೆ ಆಘಾತಗಳಿಗೆ ಇಲಿಗಳ ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುವುದನ್ನು ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲೇ ವರದಿ ಮಾಡಿದ್ದರು. ಇಲಿಗಳಿಗೆ ಮನೋಬಲದ ಉಪದೇಶ ಮಾಡಿದವರಂತೂ ಯಾರೂ ಇಲ್ಲ. ಹಾಗೆಂದು ಒತ್ತಡವೇ ಕಾಯಿಲೆಯಲ್ಲ. ಕಾರಣ ಕಳೆದ ಮೇಲೂ ನಿದ್ರೆ ಬಾರದೆ, ಯಾವುದರಲ್ಲೂ ಆಸಕ್ತಿ ಉಳಿಯದೆ ಎರಡು ವಾರ ಕಳೆದರೆ ಅದು ಖಿನ್ನತೆಯಿರಬಹುದು, ವೈದ್ಯರಿಗೆ ತೋರಿಸಬೇಕು.

ಇನ್ನು ಮಾತ್ರೆಯ ವಿಷಯ. ನಿದ್ರೆ ಅಥವಾ ಆತಂಕಕ್ಕೆ ಕೊಡುವ ಬೆಂಜೊಡಯಜೆಪೈನ್ ವರ್ಗದ ಔಷಧಗಳು ಅವಲಂಬನೆ ಉಂಟುಮಾಡಬಲ್ಲವು ಎಂಬುದು ನಿಜ. ಆದಕಾರಣವೇ ಅವನ್ನು ಸಾಮಾನ್ಯವಾಗಿ ಅಲ್ಪಾವಧಿಗೆ ಮಾತ್ರ ಬರೆಯಲಾಗುತ್ತದೆ. ಖಿನ್ನತೆ ನಿವಾರಕಗಳು ಆ ವರ್ಗದವಲ್ಲ. ಅವು ಪರಿಣಾಮ ತೋರಲು ಕೆಲವು ವಾರಗಳೇ ಬೇಕು, ಗುಣ ಕಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಿ, ಬಳಿಕ ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಥಟ್ಟನೆ ನಿಲ್ಲಿಸಿದಾಗ ಬರುವ ತಲೆಸುತ್ತು, ಕಿರಿಕಿರಿಗಳನ್ನೇ ಜನ ಚಟವೆಂದು ತಪ್ಪು ತಿಳಿಯುತ್ತಾರೆ. ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಗಳ ನಡುವೆ ಓಲಾಡುವ ಬೈಪೋಲಾರ್‌ನಂತಹ, ದೀರ್ಘಕಾಲ ಔಷಧ ಬೇಕಾಗುವ ಕಾಯಿಲೆಗಳೂ ಇವೆ. ಅಲ್ಲಿ ಮುಂದುವರಿಸುವುದು ಮರುಕಳಿಕೆ ತಡೆಯಲೆಂದೇ ಹೊರತು ಚಟದಿಂದಲ್ಲ.