ಧೂಮಕೇತು ವೀಕ್ಷಣೆಗೆ ಸಕಲ ದೀಪಾಲಂಕಾರ

ಮೈಸೂರಿನಲ್ಲಿ ಸಾರ್ವಜನಿಕರಿಗೆ ಧೂಮಕೇತು ತೋರಿಸಬೇಕೆಂದು ಹೊರಟವರು ಮೊದಲು ವಿಚಾರಿಸಬೇಕಾದದ್ದು ಜನರೇಟರ್ ಬಾಡಿಗೆ. ಕತ್ತಲಲ್ಲಿ ಮಾತ್ರ ಕಾಣುವ ವಸ್ತುವಿಗೆ ಜನರೇಟರ್ ಯಾಕೆ ಎಂದು ಕೇಳುವವರಿಗೆ ನಮ್ಮ ಸಮಾರಂಭಗಳ ಅನುಭವ ಸಾಲದು ಎಂದೇ ಅರ್ಥ. ವೇದಿಕೆಗೆ ಫೋಕಸ್ ಲೈಟ್ ಬೇಡವೇ? ಫ್ಲೆಕ್ಸ್‌ನಲ್ಲಿರುವ ಗಣ್ಯರ ಮುಖ ಕಾಣಬೇಡವೇ? ಎಲ್ಲಕ್ಕಿಂತ ಮುಖ್ಯವಾಗಿ, ಕತ್ತಲೆ ಬೇಕೆಂದು ಕರೆದ ಕಾರ್ಯಕ್ರಮವನ್ನು ದೀಪ ಬೆಳಗಿಸಿಯೇ ಉದ್ಘಾಟಿಸಬೇಡವೇ?

ಈ ವಿದ್ಯೆಯಲ್ಲಿ ನಮ್ಮ ಊರಿಗೆ ಭರ್ಜರಿ ತಾಲೀಮು ಸಿಕ್ಕಿದ್ದು 2024ರಲ್ಲಿ. ತ್ಸುಚಿನ್‌ಶಾನ್-ಅಟ್ಲಾಸ್ ಎಂಬ ಧೂಮಕೇತು, ದಾಖಲೆಯಲ್ಲಿ ಸಿ/2023 ಎ3, ಆ ವರ್ಷದ ಸೆಪ್ಟೆಂಬರ್ 27ರಂದು ಸೂರ್ಯನನ್ನು ಸುತ್ತು ಹಾಕಿ, ಭೂಮಿಗೆ ಅತಿ ಸಮೀಪ ಬಂದದ್ದು ಅಕ್ಟೋಬರ್ 12ರಂದು. ಅಂದು ವಿಜಯದಶಮಿ, ಜಂಬೂಸವಾರಿ. ಅದು ಏಳು ಕೋಟಿ ಕಿಲೋಮೀಟರ್ ಆಚೆ ಹಾದುಹೋಗುವಾಗ ಇಲ್ಲಿ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು, ಬೀದಿಬೀದಿಗೆ ಸೀರಿಯಲ್ ಸೆಟ್ಟು, ವೃತ್ತವೃತ್ತಕ್ಕೆ ಎಲ್‌ಇಡಿ ಆನೆ, ಬನ್ನಿಮಂಟಪದಲ್ಲಿ ಪಂಜಿನ ಕವಾಯತು. ಇಷ್ಟೂ ಸಾಲದೆ ಮೇಲೆ ದಶಮಿಯ ಚಂದ್ರ. ಒಂದು ಧೂಮಕೇತುವನ್ನು ಮುಚ್ಚಿಡಲು ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ನರಮನುಷ್ಯರಿಂದ ಸಾಧ್ಯವಿರಲಿಲ್ಲ. ಐದು ದಿನ ಕಳೆದರೆ, 17ರಂದು, ಸೀಗೆ ಹುಣ್ಣಿಮೆ. ಹುಣ್ಣಿಮೆ ಮುಗಿದು, ಚಂದ್ರ ತಡವಾಗಿ ಮೂಡಿ, ಸಂಜೆಯ ಪಡುವಣ ಮತ್ತೆ ಕಪ್ಪಾಗುವ ಹೊತ್ತಿಗೆ ಧೂಮಕೇತು ಸೊರಗಿತ್ತು. ದೀಪಾಲಂಕಾರಕ್ಕೆ ಅಂಥ ಆಯಾಸವಿಲ್ಲ. ಹಬ್ಬ ಮುಗಿದ ಮೇಲೂ ಅದನ್ನು ಕೆಲವು ದಿನ ಮುಂದುವರಿಸುವುದು ವಾಡಿಕೆ.

ಟಿವಿಯವರು ಮಾತ್ರ ಕೈಬಿಡಲಿಲ್ಲ. ‘ಎಂಬತ್ತು ಸಾವಿರ ವರ್ಷಕ್ಕೊಮ್ಮೆ ಬರುವ ಅತಿಥಿ’ ಎಂದು ಹಿನ್ನೆಲೆ ಸಂಗೀತದೊಂದಿಗೆ ಸಾರಿದರು. ಈ ಧೂಮಕೇತುವಿನ ಕಕ್ಷೆಯ ಉತ್ಕೇಂದ್ರತೆ, ಅಂದರೆ ಅದು ವೃತ್ತದಿಂದ ಎಷ್ಟು ದೂರ ಸರಿದಿದೆ ಎಂಬ ಅಳತೆ, ಒಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚು, 1.0001ರ ಆಸುಪಾಸು. ಒಂದು ದಾಟಿದರೆ ಹೋದದ್ದು ತಿರುಗಿ ಬರುವ ದಾರಿಯಿಲ್ಲ. ಅಂಥ ಅಂಚಿನ ಕಕ್ಷೆಯಲ್ಲಿ ಲೆಕ್ಕ ಒಂದು ಗೀಟು ಅತ್ತಿತ್ತಾದರೆ ಲಕ್ಷಾಂತರ ವರ್ಷ ಏರುಪೇರಾಗುತ್ತದೆ. ಆದರೂ ಎಂಬತ್ತು ಸಾವಿರ ಎಂಬುದು ಪರದೆಯ ಅಗಲಕ್ಕೆ ಸರಿಯಾಗಿ ಕೂರುವ ಸಂಖ್ಯೆ, ಕೂರಿಸಿದರು. ಪಕ್ಕದ ಚೌಕದಲ್ಲಿ ಯಾವ ರಾಶಿಯವರು ಯಾವ ದಾನ ಕೊಡಬೇಕೆಂಬ ಪಟ್ಟಿ. ನಕ್ಕುಬಿಡುವ ಮುನ್ನ ಇದೂ ನೆನಪಿರಲಿ: 1910ರಲ್ಲಿ ಹ್ಯಾಲಿ ಧೂಮಕೇತುವಿನ ಬಾಲದಲ್ಲಿ ಸಯನೋಜೆನ್ ಎಂಬ ವಿಷಾನಿಲವಿದೆ, ಭೂಮಿ ಆ ಬಾಲದೊಳಗೇ ಹಾಯಲಿದೆ ಎಂಬ ಸುದ್ದಿಗೆ ಹೆದರಿ ಅಮೆರಿಕದವರು ಧೂಮಕೇತು ಮಾತ್ರೆ ಕೊಂಡು ನುಂಗಿದ್ದರು. ನಮ್ಮಲ್ಲಿ ಎಳ್ಳು, ಅಲ್ಲಿ ಮಾತ್ರೆ, ವ್ಯಾಪಾರ ಒಂದೇ.

ಟಿವಿಯ ಇನ್ನೊಂದು ಕೊಡುಗೆ ಚಿತ್ರ. ಹಸಿರು ತಲೆ, ನೀಲಿ ಬಾಲ, ಪರದೆಯ ಈ ತುದಿಯಿಂದ ಆ ತುದಿಗೆ. ಅದನ್ನು ನೋಡಿ ಬಂದವರು ಆಕಾಶದಲ್ಲೂ ಅದನ್ನೇ ಹುಡುಕುತ್ತಾರೆ, ಸಿಗದಿದ್ದಾಗ ವಿಜ್ಞಾನವೇ ಸುಳ್ಳು ಎಂದು ಮನೆಗೆ ಹೋಗುತ್ತಾರೆ. ತಲೆಯ ಹಸಿರು ಬರುವುದು ಎರಡು ಇಂಗಾಲದ ಪರಮಾಣು ಸೇರಿದ ಅಣು ಬಿಸಿಲಿಗೆ ಹೊಳೆಯುವುದರಿಂದ. ಅದು ಕ್ಯಾಮೆರಾಕ್ಕೆ ಸಿಗುತ್ತದೆ, ಮಂದ ಬೆಳಕಿನಲ್ಲಿ ಬಣ್ಣ ಗುರುತಿಸಲಾಗದ ನಮ್ಮ ಕಣ್ಣಿಗಲ್ಲ. ಕಣ್ಣಿಗೆ ಸಿಗುವುದು ಬೂದು ಬಣ್ಣದ ಒಂದು ಮಬ್ಬು, ಅದರಿಂದ ಮೇಲೆದ್ದ ಒಂದು ಗೆರೆ. ‘ಸೊನ್ನೆ ಕಾಂತಿಮಾನ, ಸ್ವಾತಿ ನಕ್ಷತ್ರದಷ್ಟು ಪ್ರಕಾಶ’ ಎಂಬ ಸುದ್ದಿಯೂ (ಈ ಅಳತೆಯಲ್ಲಿ ಅಂಕಿ ಇಳಿದಷ್ಟೂ ಪ್ರಕಾಶ ಹೆಚ್ಚು) ದಾರಿ ತಪ್ಪಿಸುತ್ತದೆ. ನಕ್ಷತ್ರದ ಬೆಳಕೆಲ್ಲ ಒಂದೇ ಚುಕ್ಕಿಯಲ್ಲಿರುತ್ತದೆ, ಧೂಮಕೇತುವಿನದು ಹರಡಿರುತ್ತದೆ. ದೋಸೆಯ ಮೇಲೆ ಬೆಣ್ಣೆ ಗಡ್ಡೆಯಾಗಿ ಕೂತಿದ್ದರೆ ದೂರದಿಂದಲೇ ಕಾಣುತ್ತದೆ, ಕರಗಿ ಹರಡಿದರೆ ಹಾಕಿದ್ದಾರೋ ಇಲ್ಲವೋ ಎಂದು ಸಪ್ಲೈಯರ್‌ನನ್ನು ಕೇಳಬೇಕಾಗುತ್ತದೆ. ಹರಡಿದ ಬೆಳಕನ್ನು ಕೊಲ್ಲಲು ಬೀದಿದೀಪವೇ ಸಾಕು, ದಸರೆ ಬೇಕಿಲ್ಲ.

ಬೀದಿದೀಪದ ವಿಚಾರದಲ್ಲಿ ನಾವು ಹಿಂದೆ ಬಿದ್ದವರಲ್ಲ. ಹಳೆಯ ಸೋಡಿಯಂ ದೀಪದ ಹಳದಿಗಿಂತ ಈಗಿನ ಬಿಳಿ ಎಲ್‌ಇಡಿಯಲ್ಲಿ ನೀಲಿ ಪಾಲು ಜಾಸ್ತಿ. ಗಾಳಿ ನೀಲಿಯನ್ನೇ ಹೆಚ್ಚು ಚದುರಿಸುವುದು, ಹಗಲಿನ ಆಕಾಶ ನೀಲಿಯಾಗಿರುವುದೂ ಅದರಿಂದಲೇ. ದೀಪದ ಮೇಲೊಂದು ಟೋಪಿ ಕೂರಿಸಿ ಬೆಳಕನ್ನು ನೆಲಕ್ಕಿಳಿಸಿದರೆ ಕಡಿಮೆ ವ್ಯಾಟಿನಲ್ಲಿ ಗುಂಡಿಯೂ ಕಾಣುತ್ತದೆ, ನಕ್ಷತ್ರವೂ ಕಾಣುತ್ತದೆ. ಆದರೆ ನೆಲದ ಗುಂಡಿ ಕಂಡರೆ ಯಾರಿಗೆ ಲಾಭ? ಹಾಗಾಗಿ ಬೆಳಕು ಮೇಲಕ್ಕೆ.

ಇನ್ನು ಜಾಗ. ಧೂಮಕೇತು ಎಂದರೆ ಎತ್ತರ, ಎತ್ತರ ಎಂದರೆ ಚಾಮುಂಡಿ ಬೆಟ್ಟ, ಇದು ಮೈಸೂರಿನವರ ತರ್ಕ. ಸಾವಿರ ಮೀಟರಿಗೂ ಎತ್ತರ, ತಂಪು ಗಾಳಿ, ಚುರುಮುರಿ ಗಾಡಿ, ಎಲ್ಲ ಸರಿ. ಆದರೆ ಊರು ಹರಡಿರುವುದು ಬೆಟ್ಟದ ಉತ್ತರಕ್ಕೆ, ವಾಯವ್ಯಕ್ಕೆ, ಪಶ್ಚಿಮಕ್ಕೆ. ಸಂಜೆ ಧೂಮಕೇತು ಇರುವುದೂ ಪಶ್ಚಿಮದಲ್ಲೇ. ಅಂದರೆ ಬೆಟ್ಟ ಹತ್ತಿ ನೋಡುವುದು ಇಡೀ ಊರಿನ ಬೆಳಕಿನ ಗುಮ್ಮಟವನ್ನು ತೂರಿ. ಎತ್ತರದಿಂದ ದೊರೆಯುವ ಏಕೈಕ ಲಾಭವೆಂದರೆ ಎಷ್ಟು ದೀಪಗಳು ಅಡ್ಡ ಬಂದಿವೆ ಎಂದು ಎಣಿಸಬಹುದು. ನಿಜವಾಗಿ ನೋಡುವ ಆಸೆಯಿದ್ದರೆ ಊರು ಬೆನ್ನಿಗಿರಬೇಕು. ಸಂಜೆಯ ಧೂಮಕೇತುವಿಗೆ ಇಲವಾಲ ದಾಟಿ ಹುಣಸೂರು ರಸ್ತೆಯಲ್ಲಿ, ಇಲ್ಲವೇ ಎಚ್.ಡಿ. ಕೋಟೆ ರಸ್ತೆಯಲ್ಲಿ ಸಾಗಿ, ಪಡುವಣಕ್ಕೆ ತೆಂಗಿನ ತೋಟ ಅಡ್ಡವಿಲ್ಲದ ಬಯಲು ಹಿಡಿಯಬೇಕು. ಬೆಳಗಿನ ಜಾವದ್ದಾದರೆ ತಿರುಮಕೂಡಲು ನರಸೀಪುರದ ರಸ್ತೆ. ಮಂಡ್ಯದವರಿಗೆ ಮೇಲುಕೋಟೆ ಇದೆ, ಅಲ್ಲಿ ನಿಂತರೆ ಮೈಸೂರಿನ ಹೊಳಪು ನೇರ ದಕ್ಷಿಣಕ್ಕೆ ಉಳಿದು ಪಶ್ಚಿಮ ಬಿಡುವಾಗಿರುತ್ತದೆ. ಬಯಲು ಸೀಮೆಯ ಗದ್ದೆಯಲ್ಲೇ ನಿಲ್ಲುವುದಾದರೆ ಪಡುವಣ ದಿಕ್ಕಿಗೆ ಆಲೆಮನೆ ಇಲ್ಲದಂತೆ ನೋಡಿಕೊಳ್ಳಿ. ಸಂಜೆಯ ತಂಪಿಗೆ ಅದರ ಹೊಗೆ ಮೇಲೇರದೆ ದಿಗಂತದಲ್ಲೇ ಚಾಪೆ ಹಾಸಿ ಮಲಗುತ್ತದೆ.

ಈಗ ಕಾರ್ಯಕ್ರಮಪಟ್ಟಿ. ಇಲ್ಲಿಯೇ ಗಣಿತ ಬೇಕಾಗುವುದು. ಅಕ್ಟೋಬರ್ ನಡುವಿನಲ್ಲಿ ಮೈಸೂರಿನಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿಗೆ, ಆಕಾಶ ಕಪ್ಪಾಗಲು ಇನ್ನೂ ಮುಕ್ಕಾಲು ಗಂಟೆ. ಆಗ ಧೂಮಕೇತು ದಿಗಂತದಿಂದ ಹತ್ತು ಡಿಗ್ರಿ ಮೇಲಿದೆ ಎಂದುಕೊಳ್ಳಿ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತು ಡಿಗ್ರಿ. ಆಕಾಶ ಒಂದು ಡಿಗ್ರಿ ಜಾರಲು ನಾಲ್ಕು ನಿಮಿಷ, ನಮ್ಮ ಅಕ್ಷಾಂಶದಲ್ಲಿ ಪಶ್ಚಿಮದ ಕಾಯಗಳು ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ ಮುಳುಗಲು ಸುಮಾರು ನಲವತ್ತು ನಿಮಿಷ. ಅದರಲ್ಲೂ ಹತ್ತು ಡಿಗ್ರಿಯಲ್ಲಿ ನೋಟ ಹಾಯುವುದು ನೆತ್ತಿಯ ಮೇಲಿನದಕ್ಕಿಂತ ಐದೂವರೆ ಪಟ್ಟು ಗಾಳಿಯೊಳಗೆ, ಐದು ಡಿಗ್ರಿಗಿಳಿದರೆ ಹತ್ತು ಪಟ್ಟು. ಕೊನೆಯ ಐದು ಡಿಗ್ರಿ ಧೂಳಿಗೆ ನೈವೇದ್ಯ. ಉಳಿದದ್ದು ಇಪ್ಪತ್ತು ನಿಮಿಷ.

ಈ ಇಪ್ಪತ್ತು ನಿಮಿಷವನ್ನು ನಮ್ಮ ಆಯೋಜಕರು ಹಂಚುವ ಚಂದ ನೋಡಿ. ನಾಡಗೀತೆಯನ್ನು ಸರ್ಕಾರವೇ ಎರಡೂವರೆ ನಿಮಿಷಕ್ಕೆ ನಿಗದಿ ಮಾಡಿರುವುದರಿಂದ ಅಲ್ಲಿ ಖರ್ಚು ಅರ್ಧ ಡಿಗ್ರಿ ಮತ್ತು ಚೂರು. ಸ್ವಾಗತ ಭಾಷಣಕ್ಕೆ ಅಂಥ ಆದೇಶ ಇನ್ನೂ ಬಂದಿಲ್ಲ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಸೇರಿ ಒಬ್ಬ ಗಣ್ಯರಿಗೆ ಎರಡು ನಿಮಿಷ ಹಿಡಿದರೆ ಅರ್ಧ ಡಿಗ್ರಿ, ಅಂದರೆ ತಲೆಗೊಂದು ಹುಣ್ಣಿಮೆ ಚಂದ್ರನಷ್ಟು ಆಕಾಶ ನಷ್ಟ. ವೇದಿಕೆಯಲ್ಲಿ ಎಂಟು ಜನರಿದ್ದರೆ ನಾಲ್ಕು ಡಿಗ್ರಿ. ಫೋಟೊಗ್ರಾಫರ್ ಬರಲಿಲ್ಲವೆಂದು ಶಾಲನ್ನು ತೆಗೆದು ಮತ್ತೊಮ್ಮೆ ಹೊದಿಸಿದರೆ ಅದರ ಲೆಕ್ಕ ಬೇರೆ. ಪ್ರಾಸ್ತಾವಿಕ ನುಡಿಯವರು ‘ಧೂಮಕೇತು ಎಂದರೇನು’ ಎಂದು ಶುರು ಮಾಡುವಾಗ ಅದು ತೆಂಗಿನ ಗರಿಯ ಮಟ್ಟಕ್ಕೆ ಇಳಿದಿರುತ್ತದೆ. ವಂದನಾರ್ಪಣೆಯವರು ಅದನ್ನೂ ಸೇರಿಸಿ ವಂದಿಸುತ್ತಾರೆ, ಆಗ ಅದು ಅರಬ್ಬೀ ಸಮುದ್ರದವರಿಗೆ ಕಾಣುತ್ತಿರುತ್ತದೆ.

ಅಷ್ಟರಲ್ಲಿ ಯಾರಾದರೂ ದೂರದರ್ಶಕ ತಂದಿರುತ್ತಾರೆ. ಎಷ್ಟು ದೊಡ್ಡದೋ ಅಷ್ಟು ಒಳ್ಳೆಯದು ಎಂಬ ನಂಬಿಕೆಯಿಂದ ನೂರು ಪಟ್ಟು ಹಿಗ್ಗಿಸುವ ಕಣ್ಣುಮಸೂರ ಹಾಕಿರುತ್ತಾರೆ. ಅದರಲ್ಲಿ ಹಿಡಿಸುವುದು ಅರ್ಧ ಡಿಗ್ರಿ ಚಿಲ್ಲರೆ ಆಕಾಶ, ಬಾಲ ಐದೋ ಹತ್ತೋ ಡಿಗ್ರಿ ಉದ್ದ. ಜಂಬೂಸವಾರಿಯನ್ನು ಬೀಗದ ಕಿಂಡಿಯಲ್ಲಿ ನೋಡಿ ಆನೆಯ ಕಿವಿ ಇತ್ತು ಎಂದು ವರದಿ ಮಾಡಿದ ಹಾಗೆ. ಸಾಲಿನಲ್ಲಿ ನಾಲ್ಕುನೂರು ಜನ. ತಲೆಗೆ ಅರ್ಧ ನಿಮಿಷದಂತೆ ಇಪ್ಪತ್ತು ನಿಮಿಷಕ್ಕೆ ನಲವತ್ತು ಮಂದಿ ನೋಡಬಹುದು. ಅವರಲ್ಲೂ ಮೂರನೆಯವರು ಕಣ್ಣುಮಸೂರವನ್ನೇ ಹಿಡಿಕೆ ಎಂದುಕೊಂಡು ಜಗ್ಗಿದರೆ ಉಳಿದವರೆಲ್ಲ ಖಾಲಿ ಆಕಾಶ ನೋಡಿ ‘ಚೆನ್ನಾಗಿದೆ ಸಾರ್’ ಎಂದು ಸರಿಯುತ್ತಾರೆ. ಹಿಂದಿನವರ ಎದುರು ಕಾಣಲಿಲ್ಲ ಎನ್ನಲು ಯಾರಿಗೂ ಧೈರ್ಯವಿಲ್ಲ.

ಈ ಕೆಲಸಕ್ಕೆ ಬೇಕಾದದ್ದು 10x50 ಬೈನಾಕ್ಯುಲರ್: ಹತ್ತು ಪಟ್ಟು ಹಿಗ್ಗಿಸುವ, ಐವತ್ತು ಮಿಲಿಮೀಟರ್ ಮಸೂರದ್ದು, ಆರು ಡಿಗ್ರಿಗೂ ಮಿಕ್ಕಿ ನೋಟ. ಕೈ ನಡುಗುವವರಿಗೆ 7x50 ಮೇಲು. ಬೀರುವಿನಲ್ಲಿ ಮಳೆಗಾಲವೆಲ್ಲ ಮಲಗಿದ್ದರೆ ಮಸೂರಕ್ಕೆ ಬೂಷ್ಟು ಹಿಡಿದಿರುತ್ತದೆ, ಮೊದಲೇ ನೋಡಿಕೊಳ್ಳಿ, ಆ ಬೂಷ್ಟನ್ನೇ ಬಾಲವೆಂದು ಹತ್ತು ಜನಕ್ಕೆ ತೋರಿಸಬೇಡಿ. ಸೂರ್ಯ ಪೂರ್ತಿ ಮುಳುಗುವ ತನಕ ಅದನ್ನು ಪಡುವಣಕ್ಕೆ ತಿರುಗಿಸಲೇಬಾರದು, ಕಣ್ಣು ಹೋಗುತ್ತದೆ. ಇದನ್ನು ಮಾತ್ರ ವಿಡಂಬನೆ ಎಂದುಕೊಳ್ಳಬೇಡಿ. ಆಮೇಲೆ ದಾರಿಗುರುತು ಹಿಡಿಯಿರಿ. 2024ರಲ್ಲಿ ಅಕ್ಟೋಬರ್ 14ರ ಸುಮಾರಿಗೆ ಎಡಕ್ಕೆ ಶುಕ್ರ, ಬಲಕ್ಕೆ ಸ್ವಾತಿ, ನಡುವೆ ಧೂಮಕೇತು. ದಿನ ಕಳೆದಂತೆ ಮೇಲಕ್ಕೆ ಸರಿಯುತ್ತ ಹೋಯಿತು. ಚಿತ್ತಾ ಮಳೆಯ ಮೋಡದೊಳಗೆ ಸ್ವಾತಿಯನ್ನು ಹುಡುಕುವ ಯೋಗ ನಮ್ಮದು. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಂದು ವಾಟ್ಸ್ಯಾಪ್ ನೋಡಿದರೆ ಮೊದಲಿನಿಂದ ಶುರು. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಪದರ ಕಟ್ಟಿಕೊಳ್ಳಿ. ಬಾಲವನ್ನು ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಎದ್ದು ಬರುತ್ತದೆ.

ಮೊಬೈಲ್ ಚಿತ್ರಕ್ಕೆ ಬಂದರೆ, ಫ್ಲ್ಯಾಶ್ ಹಾಕಿ ತೆಗೆಯುವವರ ಆತ್ಮವಿಶ್ವಾಸ ಮೆಚ್ಚತಕ್ಕದ್ದು. ನಾಲ್ಕು ಮೀಟರ್ ಮುಟ್ಟುವ ಬೆಳಕನ್ನು ಏಳು ಕೋಟಿ ಕಿಲೋಮೀಟರಿಗೆ ಕಳಿಸುತ್ತಾರೆ. ಬೆಳಗುವುದು ಮುಂದೆ ನಿಂತವರ ಬೋಳುತಲೆ. ಫ್ಲ್ಯಾಶ್ ಆರಿಸಿ, ಫೋನನ್ನು ಕಲ್ಲಿಗೋ ಸ್ಕೂಟರ್ ಸೀಟಿಗೋ ಒರಗಿಸಿ, ಬೆರಳು ತಾಗಿ ಅಲುಗದಂತೆ ಟೈಮರ್ ಇಟ್ಟು, ನೈಟ್ ಮೋಡ್‌ನಲ್ಲಿ ಮೂರರಿಂದ ಹತ್ತು ಸೆಕೆಂಡು ಬಿಟ್ಟರೆ ಕಣ್ಣಿಗೆ ಕಾಣದ ಬಾಲವೂ ಬೀಳುತ್ತದೆ. ದೊಡ್ಡ ಕ್ಯಾಮೆರಾ ಇದ್ದರೆ 50 ಮಿಲಿಮೀಟರ್ ಲೆನ್ಸ್, ಐಎಸ್‌ಒ 1600, ಐದು ಸೆಕೆಂಡು. ಹತ್ತು ದಾಟಿದರೆ ನಕ್ಷತ್ರಗಳು ಗೀಟಾಗುತ್ತವೆ. ಫೋಕಸ್‌ಗೆ ಲೆನ್ಸ್ ಮೇಲಿನ ಗುರುತನ್ನು ನಂಬದೆ ಶುಕ್ರನನ್ನು ಪರದೆಯಲ್ಲಿ ಹಿಗ್ಗಿಸಿ ಚುಕ್ಕಿ ಮಾಡಿಕೊಳ್ಳಿ. ಬಾಲ ಎರಡಿರುತ್ತವೆ: ಅಗಲವಾಗಿ ಬಾಗಿದ ಧೂಳಿನದು, ಸಪೂರ ನೆಟ್ಟಗಿನ ಅಯಾನಿನದು, ಅಂದರೆ ವಿದ್ಯುದಾವೇಶ ಹೊತ್ತ ಅನಿಲದ್ದು. ಎರಡೂ ಸೂರ್ಯನಿಗೆ ಬೆನ್ನು ಮಾಡಿ ನಿಂತಿರುತ್ತವೆ, ಧೂಮಕೇತು ಓಡುವ ದಿಕ್ಕಿಗೆ ಹಿಂದೆಯೇ ಇರಬೇಕೆಂದಿಲ್ಲ. ಭೂಮಿ ಅದರ ಕಕ್ಷೆಯ ಸಮತಲವನ್ನು ದಾಟುವ ದಿನಗಳಲ್ಲಿ ಸೂರ್ಯನ ಕಡೆಗೇ ಚಾಚಿದ ಎದುರು ಬಾಲವೊಂದು ಕಾಣುವುದುಂಟು, 2024ರಲ್ಲಿ ಅದೂ ಕಂಡಿತು. ಸರ್ರನೆ ಹರಿದುಹೋದದ್ದನ್ನು ಕಂಡವರು ಕಂಡದ್ದು ಉಲ್ಕೆ. ಮಿಣುಕುತ್ತ ಹೋಗಿದ್ದರೆ ವಿಮಾನ.

ಹ್ಯಾಲಿ ಮತ್ತೆ ಸೂರ್ಯನ ಬಳಿಗೆ ಬರುವುದು 2061ರ ಜುಲೈ 28ಕ್ಕೆ. ನಟ್ಟನಡು ಮುಂಗಾರು. ತಯಾರಿಗೆ ಸಮಯ ಧಾರಾಳವಾಗಿರುವುದರಿಂದ ಸ್ವಾಗತ ಸಮಿತಿ, ಆಹಾರ ಸಮಿತಿ, ವಿದ್ಯುದ್ದೀಪ ಉಪಸಮಿತಿಗಳನ್ನು ಈಗಲೇ ರಚಿಸಿಬಿಡುವುದು ಕ್ಷೇಮ. ಮೋಡ ಕವಿದರೆ ಜನ ಬರಿಗೈಲಿ ಹೋಗಬಾರದಲ್ಲ, ಮೋಡದ ಮೇಲೆಯೇ ಲೇಸರ್‌ನಲ್ಲಿ ಹ್ಯಾಲಿಯನ್ನು ಬರೆಸುವ ಪ್ರಸ್ತಾವ ಬಂದೇ ಬರುತ್ತದೆ. ಧೂಳಿನ ಬಾಲಕ್ಕೂ ಅಯಾನು ಬಾಲಕ್ಕೂ ಪ್ರತ್ಯೇಕ ಟೆಂಡರ್ ಕರೆಯತಕ್ಕದ್ದು. ಎದುರು ಬಾಲವನ್ನು ಪೂರಕ ಅಂದಾಜಿನಲ್ಲಿ ಸೇರಿಸಿಕೊಳ್ಳಬಹುದು.