ಎರಡು ಎಳೆಯ ಕಾದಂಬರಿ: ಎಳೆ ಬಿಡಿಸಿ ಓದಬಹುದೇ?

ಒಂದು ಅಧ್ಯಾಯ ಇಲ್ಲಿ, ಮುಂದಿನದು ಅಲ್ಲಿ ಎಂದು ಹೆಣೆದ ವೈಜ್ಞಾನಿಕ ಕಾದಂಬರಿಯನ್ನು ಮೊದಲ ಓದಿನಲ್ಲೇ ಬಿಡಿಸಿಕೊಂಡು ಓದಬಹುದೋ ಬಾರದೋ? ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರ ನಡುವೆ ಇನ್ನೂ ತೀರದ ತಕರಾರು ಇದು. ಇಬ್ಬರ ವಾದ ಇಲ್ಲಿದೆ.

ಪರ: ಬಿಡಿಸಿ, ಆದರೆ ಕಂತುಕಂತಾಗಿ

ಅರ್ಸುಲಾ ಲ ಗ್ವಿನ್ ಅವರ ‘ದಿ ಡಿಸ್ಪೊಸೆಸ್ಡ್’ (1974) ಹಿಡಿದು ಅರ್ಧಕ್ಕೇ ಬಿಟ್ಟವರನ್ನು ಕೇಳಿ ನೋಡಿ. ಭೌತಶಾಸ್ತ್ರ ಕಷ್ಟವಾಯಿತು ಎನ್ನುವವರು ಕಡಿಮೆ. ಕತೆ ಕಾಲೂರುವಷ್ಟರಲ್ಲಿ ಊರೇ ಬದಲಾಗುತ್ತದೆ ಎನ್ನುವವರೇ ಹೆಚ್ಚು. ಪುಸ್ತಕದಲ್ಲಿ 13 ಅಧ್ಯಾಯಗಳಿವೆ. ಮೊದಲ ಮತ್ತು ಕೊನೆಯ ಅಧ್ಯಾಯಗಳಲ್ಲಿ ಎರಡೂ ಲೋಕಗಳಿವೆ. ನಡುವೆ ಬೆಸಸಂಖ್ಯೆಯವು ಶ್ರೀಮಂತ ಗ್ರಹ ಉರಾಸ್‌ನಲ್ಲಿ ನಡೆದರೆ, ಸಮಸಂಖ್ಯೆಯವು ಅದರ ಸುತ್ತ ತಿರುಗುವ ಒಣನೆಲದ ಅನಾರೆಸ್‌ನಲ್ಲಿ ನಡೆಯುತ್ತವೆ. ಒಂದನೇ ಅಧ್ಯಾಯದಲ್ಲಿ ವಿಜ್ಞಾನಿ ಶೆವೆಕ್ ನೌಕೆ ಹತ್ತುತ್ತಾನೆ, ಎರಡರಲ್ಲಿ ಅವನೇ ಬಿಸಿಲಿಗೆ ಜಗಳವಾಡುವ ಕೂಸು, ಮೂರರಲ್ಲಿ ಮತ್ತೆ ಪರಲೋಕದ ಅತಿಥಿ.

ಒಂದೇ ವಾರದಲ್ಲಿ ಓದಿ ಮುಗಿಸುವವರಿಗೆ ಇದು ತೊಂದರೆಯಲ್ಲ. ಆದರೆ ಅಡಿಕೆಯ ಕೊನೆಕೊಯ್ಲು ಶುರುವಾದರೆ ಮಲೆನಾಡಿನ ಮನೆಗಳಲ್ಲಿ ಪುಸ್ತಕ ಹದಿನೈದು ದಿನ ಮಗುಚಿಯೇ ಬಿದ್ದಿರುತ್ತದೆ. ಅಡಿಕೆ ಸುಲಿದು, ಬೇಯಿಸಿ, ಒಣಹಾಕಿ ಮತ್ತೆ ಕೈಗೆತ್ತಿಕೊಂಡಾಗ ಎದುರಿಗಿರುವುದು ನೆನಪಿರುವ ಎಳೆಯ ಮುಂದಿನ ಭಾಗವಲ್ಲ, ಅದಕ್ಕೂ ಹಿಂದೆ ಓದಿ ಮರೆತದ್ದು. ಅಲ್ಲಿ ಸೋಲುವುದು ಓದುಗರ ಬುದ್ಧಿಯಲ್ಲ, ನೆನಪು.

ಹಾಗೆಂದು 2, 4, 6, 8, 10, 12 ಎಂದು ಒಂದೇ ಉಸಿರಿಗೆ ಅನಾರೆಸ್ ಮುಗಿಸಬೇಡಿ. ಅದು ಕಾಲಾನುಕ್ರಮ ನಿಜ, ಆದರೆ ಹಾಗೆ ಹೋದರೆ ಕಾದಂಬರಿ ಬರೀ ಜೀವನಚರಿತ್ರೆಯಾಗಿಬಿಡುತ್ತದೆ. ಮೂರು ಮೂರರ ಕಂತು ಮಾಡಿ. ಮೊದಲು 1 ಅನ್ನು ಓದಲೇಬೇಕು. ಆಮೇಲೆ 2, 4, 6. ನಂತರ 3, 5, 7. ಅಲ್ಲಿಂದ 8, 10, 12. ಕೊನೆಗೆ 9, 11, 13. ಪ್ರತಿ ಕಂತಿನ ಕೊನೆಯ ಪುಟದಲ್ಲಿ ಒಂದು ಚೀಟಿಯಿಟ್ಟು ಶೆವೆಕ್‌ನ ವಯಸ್ಸು, ಅವನ ಜೊತೆ ಯಾರಿದ್ದಾರೆ, ಯಾವ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದಾನೆ ಎಂದು ಬರೆದಿಡಿ. ಈ ಕ್ರಮಕ್ಕೆ ಇನ್ನೊಂದು ಲಾಭವಿದೆ. 7ರ ಕೊನೆಯಲ್ಲಿ ಔತಣದಲ್ಲಿ ಕುಡಿದ ಶೆವೆಕ್ ತಿಂಡಿಯ ತಟ್ಟೆಯ ಮೇಲೇ ವಾಂತಿ ಮಾಡಿಕೊಳ್ಳುತ್ತಾನೆ, 8ರಲ್ಲಿ ಅನಾರೆಸ್‌ಗೆ ಬರ ಬರುತ್ತದೆ. ಪುಸ್ತಕದ ಅತಿ ಕಟುವಾದ ಈ ಜೋಡಿ ಪಕ್ಕಪಕ್ಕದಲ್ಲೇ ಉಳಿಯುತ್ತದೆ.

ಎಲ್ಲ ಪುಸ್ತಕಕ್ಕೂ ಈ ಮದ್ದು ಹಿಡಿಯದು. ಲ ಗ್ವಿನ್ ಅಧ್ಯಾಯಗಳಿಗೆ ಲೋಕದ ಹೆಸರನ್ನೇ ಇಟ್ಟಿದ್ದಾರೆ, ಹಾಗಾಗಿ ಬಿಡಿಸುವುದು ಸುಲಭ. ಶೀರ್ಷಿಕೆಯಿಲ್ಲದ ಕಡೆ ಪ್ರತಿ ಅಧ್ಯಾಯದ ಮೊದಲ ಪ್ಯಾರಾ ನೋಡಿ ಗುರುತು ಮಾಡಿಕೊಳ್ಳಬೇಕು. ಎರಡು ಎಳೆಯ ನಾಯಕರು ಒಬ್ಬರೇನಾ ಎಂಬುದೇ ಗುಟ್ಟಾಗಿದ್ದರೆ ಬಿಡಿಸಲೇಬಾರದು, ಗುಟ್ಟು ನಿಮ್ಮ ಕೈಯಲ್ಲೇ ಒಡೆದುಹೋಗುತ್ತದೆ.

ಲೇಖಕರ ಕ್ರಮ ಮುಟ್ಟಬಾರದು ಎನ್ನುವವರಿಗೆ ಲಿಯು ಸಿಶಿನ್ ಅವರ ‘ತ್ರೀ ಬಾಡಿ ಪ್ರಾಬ್ಲಮ್’ ತೋರಿಸುತ್ತೇನೆ. 2008ರ ಚೀನೀ ಪುಸ್ತಕದಲ್ಲಿ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಭಾಗ ಕತೆಯ ನಡುವೆ ಇತ್ತು. ಕೆನ್ ಲಿಯು ಮಾಡಿದ 2014ರ ಇಂಗ್ಲಿಷ್ ಅನುವಾದದಲ್ಲಿ ಅದೇ ಭಾಗ ಮೊದಲಿಗೆ ಬಂತು. ಎರಡೂ ಕ್ರಮದಲ್ಲಿ ಲಕ್ಷಾಂತರ ಜನ ಓದಿದ್ದಾರೆ, ಕಾದಂಬರಿಗೆ ಏನೂ ಆಗಿಲ್ಲ.

ವಿರೋಧ: ಹೆಣಿಗೆಯೇ ಕತೆ

ಕೊನೆಯ ಉದಾಹರಣೆಯಿಂದಲೇ ಶುರು ಮಾಡೋಣ, ಅದು ಉಲ್ಟಾ ಸಾಕ್ಷಿ ಹೇಳುತ್ತದೆ. ಕ್ರಾಂತಿಯ ಭಾಗವನ್ನು ಆರಂಭದಲ್ಲಿಡುವುದೇ ಲೇಖಕರ ಮೂಲ ಇಚ್ಛೆಯಾಗಿತ್ತು. ರಾಜಕೀಯವಾಗಿ ಕಣ್ಣಿಗೆ ಬೀಳದಿರಲಿ ಎಂದು ಚೀನೀ ಆವೃತ್ತಿಯಲ್ಲಿ ಒಳಗೆ ಸರಿಸಿದ್ದರು, ಅನುವಾದದಲ್ಲಿ ಅದು ತನ್ನ ಜಾಗಕ್ಕೆ ಮರಳಿತು. ಅಂದರೆ ಕ್ರಮ ಅಷ್ಟು ಮುಖ್ಯವಾಗಿತ್ತು! ಇನ್ನೂ ಗಮನಿಸಬೇಕಾದ್ದು, ಇಂಗ್ಲಿಷ್‌ನಲ್ಲೂ ಆ ಕ್ರಾಂತಿಯಲ್ಲಿ ನೊಂದ ವಿಜ್ಞಾನಿ ಯೆ ವೆನ್‌ಜಿಯ ಹಳೆಯ ಕತೆಯನ್ನು ಮೊದಲಲ್ಲೇ ಪೂರ್ತಿ ಹೇಳಿ ಮುಗಿಸಿಲ್ಲ. 1967ರಿಂದ ತೆರೆದು, ರೆಡ್ ಕೋಸ್ಟ್ ಎಂಬ ಗುಪ್ತ ಸೇನಾ ನೆಲೆಯವರೆಗೆ ತಂದು, ಉಳಿದದ್ದನ್ನು ಇನ್ನೊಬ್ಬ ವಿಜ್ಞಾನಿ ವಾಂಗ್ ಮಿಯಾವೊನ ಇಂದಿನ ಹುಡುಕಾಟದ ನಡುವೆ ತುಣುಕು ತುಣುಕಾಗಿ ಕೊಟ್ಟಿದ್ದಾರೆ. ಆ ತುಣುಕುಗಳನ್ನು ಒಟ್ಟು ಮಾಡಿ ಮೊದಲೇ ಓದಿದರೆ ವಾಂಗ್ ಹುಡುಕುವುದೆಲ್ಲ ನಮಗೆ ಗೊತ್ತಿರುವ ವಿಷಯವೇ ಆಗುತ್ತದೆ.

ಇನ್ನು ಮೂರು ಮೂರರ ಕಂತು. 7 ಮತ್ತು 8 ಜೊತೆಗೆ ಉಳಿಯುತ್ತವೆ, ಒಪ್ಪಿದೆ. ಆದರೆ 9–10 ಮುರಿಯುತ್ತದೆ. 9ರಲ್ಲಿ ಉರಾಸ್‌ನ ಮೆರವಣಿಗೆಯ ಮೇಲೆ ಗುಂಡು ಹಾರುತ್ತದೆ, ಶೆವೆಕ್ ಗಾಯಾಳುವಿನೊಂದಿಗೆ ನೆಲಮಾಳಿಗೆಯಲ್ಲಿ ಅವಿತು ಕೂರುತ್ತಾನೆ. 10ರಲ್ಲಿ, ವರ್ಷಗಳ ಹಿಂದೆ, ಅವನು ಸಂಗಾತಿ ತಕ್ವೇರ್ ಮತ್ತು ಮಗಳಿದ್ದಲ್ಲಿಗೆ ಮರಳಿ ಹೋಗುತ್ತಾನೆ. 12–13 ಮುರಿಯುವುದಂತೂ ದೊಡ್ಡ ನಷ್ಟ. ಉರಾಸ್‌ಗೆ ಹೋಗುವ ತೀರ್ಮಾನ 12ರ ಕೊನೆಗೆ ಬರುತ್ತದೆ, ಅಲ್ಲಿಂದ ಹಿಂತಿರುಗುವ ಪ್ರಯಾಣ 13ರಲ್ಲಿದೆ. ಹೊರಡುವುದೂ ಮರಳುವುದೂ ಒಂದೇ ಹಾಳೆಯ ಎರಡು ಮಗ್ಗುಲಲ್ಲಿವೆ. ನಡುವೆ 9, 11 ತುರುಕಿದರೆ ಆ ಹಾಳೆ ಹರಿದಂತೆಯೇ. ಶೆವೆಕ್‌ನ ಸಂಶೋಧನೆಯೂ ಇದೇ ತಾನೆ? ಕಾಲ ಒಂದರ ಹಿಂದೊಂದು ಸಾಗುತ್ತದೆ ಎಂಬ ಲೆಕ್ಕವನ್ನೂ, ಎಲ್ಲವೂ ಒಟ್ಟಿಗೇ ಇದೆ ಎಂಬ ಲೆಕ್ಕವನ್ನೂ ಕೂಡಿಸಲು ಅವನು ಒದ್ದಾಡುತ್ತಾನೆ. ಅವನ ಸಮೀಕರಣ ನಮಗೆ ಎಲ್ಲೂ ಕಾಣುವುದಿಲ್ಲ. ಕಾಣುವುದು ಅಧ್ಯಾಯಗಳ ಜೋಡಣೆ ಮಾತ್ರ.

ಮೊದಲ ಅಧ್ಯಾಯದಲ್ಲಿ ಅನಾರೆಸ್‌ನ ಜನ ತಮ್ಮವನೇ ಆದ ಶೆವೆಕ್‌ನತ್ತ ಕಲ್ಲೆಸೆಯುತ್ತಾರೆ. ಯಾಕೆಂದು ಪೂರ್ತಿ ತಿಳಿಯುವುದು 12ರಲ್ಲಿ. ಕಂತಿನ ಕ್ರಮದಲ್ಲಿ ಆ ಉತ್ತರ 9, 11ಕ್ಕಿಂತ ಮೊದಲೇ ಸಿಕ್ಕಿಬಿಡುತ್ತದೆ, ಉರಾಸ್‌ನ ಗುಂಡಿನ ಸದ್ದು ಕೇಳುವ ಹೊತ್ತಿಗೆ ನಮ್ಮ ಅನುಮಾನವೆಲ್ಲ ತೀರಿರುತ್ತದೆ.

ಹೊಸಹಳ್ಳಿಯಲ್ಲಿ ಗಮಕ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಚನವನ್ನೆಲ್ಲ ಮೊದಲು ಮುಗಿಸಿ ವ್ಯಾಖ್ಯಾನವನ್ನು ಕೊನೆಗಿಟ್ಟರೆ ಎರಡೂ ಸಪ್ಪೆ. ಅಲ್ಲದೆ ಮಲೆನಾಡಿನ ಓದುಗರಿಗೆ ಹಲವು ಎಳೆ ಹೊಸತೂ ಅಲ್ಲ. ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ ಎಂದು ‘ಮಲೆಗಳಲ್ಲಿ ಮದುಮಗಳು’ ಹಾರಿ ಹಾರಿ ಸಾಗುವಾಗ ಯಾರೂ ಪುಟ ಹಾರಿಸಿ ಗುತ್ತಿಯೊಬ್ಬನನ್ನೇ ಹಿಂಬಾಲಿಸಲಿಲ್ಲ.

ಮರೆವಿನ ತೊಂದರೆ ನಿಜ. ಆದರೆ ಅದಕ್ಕೆ ಕ್ರಮ ಬದಲಿಸಬೇಕಿಲ್ಲ, ನಿಲ್ಲುವ ಜಾಗ ಬದಲಿಸಿದರೆ ಸಾಕು. ಒಂದು ಅಧ್ಯಾಯ ಓದಿ ನಿಲ್ಲಿಸಬೇಡಿ. 1ರಿಂದ 3, 4ರಿಂದ 6, ಆಮೇಲೆ 7–8, 9–10, ಕೊನೆಗೆ 11ರಿಂದ 13: ಐದು ಕೂರುವಿಕೆ. ತಿಂಗಳಿಗೊಮ್ಮೆ ಸೇರುವ ಗುಂಪಾದರೆ ಐದು ತಿಂಗಳು, ಮಳೆ ಹಿಡಿದಾಗ ಶುರು ಮಾಡಿದರೆ ಕೊಯ್ಲಿನ ಗಡಿಬಿಡಿಗೆ ಮುಂಚೆ ಮುಗಿಯುತ್ತದೆ. ಚೀಟಿಯ ಉಪಾಯ ಒಳ್ಳೆಯದೇ, ಇಟ್ಟುಕೊಳ್ಳಿ. ಆದರೆ ಎಳೆಗೊಂದರಂತೆ ಎರಡು ಚೀಟಿ ಬೇಕು, ಹಾಳೆ ತಿರುವುವ ಮುನ್ನ ಮುಂದೆ ಬರುವ ಎಳೆಯದ್ದನ್ನೊಮ್ಮೆ ನೋಡಬೇಕು. 2, 4, 6 ಎಂಬ ಕಾಲಾನುಕ್ರಮವನ್ನು ಎರಡನೇ ಓದಿಗೆ ಇಟ್ಟುಕೊಳ್ಳಲಿ. ಅದಕ್ಕೆ ನನ್ನ ಅಡ್ಡಿಯಿಲ್ಲ.